ಪರಂಗಿಮಲೆಯ ತೋಪು, ನುಂಗಂಬಾಕಂನ ಗಡಿಯಾರ

ಹೋದ ವರ್ಷದ ದೀಪಾವಳಿಯ ರಾತ್ರಿ. ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ನಿಂತು ನಾನೂ ಮಗಳೂ ದೂರದ ಪಟಾಕಿ ನೋಡುತ್ತಿದ್ದೆವು. ಚೆನ್ನೈಗೆ ಬಂದು ಹದಿನಾರು ವರ್ಷವಾದರೂ ಮಾಲೆ ಪಟಾಕಿಯ ಹೊಗೆ ನನಗೆ ಒಗ್ಗಿಲ್ಲ, ಹಾಗಾಗಿ ದೂರದ ಬಾಣಬಿರುಸೇ ನಮ್ಮ ಹಬ್ಬ. ಎದುರಿಗೆ ಪರಂಗಿಮಲೆ. ಇಂಗ್ಲಿಷಿನವರ ಸೇಂಟ್ ಥಾಮಸ್ ಮೌಂಟ್. ಅದರ ಈಚೆಗೆ ಒಂದು ದೊಡ್ಡ ವಸತಿ ಸಮುಚ್ಚಯ. ಅಲ್ಲಿಂದ ಹಾರಿದ ಬಾಣ ಆಕಾಶದಲ್ಲಿ ಅರಳುತ್ತಿತ್ತು, ಸದ್ದು ನಾಲ್ಕು ಸೆಕೆಂಡು ಬಿಟ್ಟು ಬರುತ್ತಿತ್ತು. ಎಂಟನೇ ಕ್ಲಾಸಿನ ಮಗಳು ಫೋನಿನ ಸ್ಟಾಪ್‌ವಾಚ್ ಹಿಡಿದು ಎಣಿಸಿದಳು. 4.1, 4.0, 4.3. ಮ್ಯಾಪ್ ತೆಗೆದು ದೂರ ನೋಡಿದಳು, 1.4 ಕಿಲೋಮೀಟರ್. ಭಾಗಿಸಿದಳು. ಸೆಕೆಂಡಿಗೆ ಸುಮಾರು 340 ಮೀಟರ್. ಪುಸ್ತಕದಲ್ಲಿ ಇರುವಷ್ಟೇ ಬಂತೆಂದು ಕುಣಿದಳು.

ಆಮೇಲೆ ಕೇಳಿದಳು: "ಅಪ್ಪಾ, ಬೆಂಗಳೂರಲ್ಲಿ ಅಜ್ಜಿ ಮನೆ ತಾರಸಿ ಮೇಲಾದ್ರೆ? ಅದು ಎತ್ತರದಲ್ಲಿದೆ ಅಲ್ವಾ?"

ನಾನು ಎಂ.ಟೆಕ್ ಮಾಡಿದವನು. ತಡವರಿಸದೆ ಹೇಳಿಬಿಟ್ಟೆ: "ಎತ್ತರ ಹೋದ ಹಾಗೆ ಗಾಳಿ ತೆಳುವಾಗುತ್ತೆ ಪುಟ್ಟಿ, ಒತ್ತಡ ಕಡಿಮೆ. ಅದಕ್ಕೇ ಸದ್ದು ನಿಧಾನ."

ಮಲಗುವಾಗ ಆ ಉತ್ತರ ಎಲ್ಲೋ ಚುಚ್ಚಿತು. ಎದ್ದು ಓದಲು ಕೂತೆ. ಬೆಂಗಳೂರಿನಲ್ಲಿ ಸದ್ದು ತುಸು ನಿಧಾನ ಎನ್ನುವುದು ಸಾಮಾನ್ಯವಾಗಿ ಸರಿ. ಆದರೆ ನಾನು ಕೊಟ್ಟ ಕಾರಣ ತಪ್ಪು. ಈ ತಪ್ಪು ಇನ್ನೂರು ವರ್ಷದ ಹಿಂದೆ ಇದೇ ಪರಂಗಿಮಲೆಯನ್ನೇ ನೋಡುತ್ತ ಕೂತಿದ್ದ ಒಬ್ಬ ದೊಡ್ಡ ಮನುಷ್ಯನನ್ನೂ ಕಾಡಿತ್ತು ಎಂಬುದು ಆ ರಾತ್ರಿ ತಿಳಿಯಿತು. ಅವನ ಕಥೆಗೆ ಹೋಗುವ ಮೊದಲು ಸ್ವಲ್ಪ ಯುರೋಪಿಗೆ ಹೋಗಿಬರಬೇಕು.

ಸದ್ದಿನ ವೇಗವನ್ನು ಲೆಕ್ಕದಿಂದಲೇ ಕಂಡುಹಿಡಿಯಲು ಮೊದಲು ಹೊರಟವನು ನ್ಯೂಟನ್. 1687ರ 'ಪ್ರಿನ್ಸಿಪಿಯಾ'ದಲ್ಲಿ ಆತ ತೋರಿಸಿದ್ದು ಇಷ್ಟು: ಗಾಳಿಯ ಒತ್ತಡವನ್ನು ಅದರ ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ ಸಿಗಬೇಕು. ಗಾಳಿ ಸ್ಪ್ರಿಂಗಿನ ಹಾಗೆ ಬಿಗಿಯಾಗಿದ್ದಷ್ಟೂ ಸದ್ದು ಬೇಗ, ಭಾರವಾಗಿದ್ದಷ್ಟೂ ನಿಧಾನ. ಯೋಚನೆ ಸರಿಯಾಗಿಯೇ ಇತ್ತು. ಆದರೆ 1713ರ ಎರಡನೇ ಆವೃತ್ತಿಯ ಹೊತ್ತಿಗೆ ಆತನ ಲೆಕ್ಕದ ಉತ್ತರ ಸೆಕೆಂಡಿಗೆ 979 ಅಡಿ. ಅಳತೆ ಹೇಳುತ್ತಿದ್ದುದು 1142 ಅಡಿ. ಏಳರಲ್ಲಿ ಒಂದು ಪಾಲು ಕೊರತೆ.

ಆ 1142ನ್ನು ಅಳೆದವನು ವಿಲಿಯಂ ಡರ್ಹಮ್ ಎಂಬ ಪಾದ್ರಿ. ಲಂಡನ್ನಿನ ಹತ್ತಿರ ಅಪ್‌ಮಿನ್‌ಸ್ಟರ್ ಎಂಬ ಊರಿನ ಚರ್ಚಿನ ಗೋಪುರ ಹತ್ತಿ, ಮೈಲುಗಟ್ಟಲೆ ದೂರದಲ್ಲಿ ಹಾರಿಸಿದ ಫಿರಂಗಿಯ ಬೆಳಕು ಕಂಡ ಕ್ಷಣದಿಂದ ಸದ್ದು ಕೇಳುವವರೆಗೆ ಎಣಿಸುತ್ತಿದ್ದ. ಗಾಳಿ ಎತ್ತ ಬೀಸುತ್ತದೆ ಎಂಬುದರ ಮೇಲೆ ವೇಗ ಬದಲಾಗುತ್ತದೆ ಎಂದು ಆತ ಸರಿಯಾಗಿ ಗುರುತಿಸಿದ. ಆದರೆ ಬೇಸಿಗೆಯೋ ಚಳಿಗಾಲವೋ, ಹಗಲೋ ರಾತ್ರಿಯೋ, ಅದರಿಂದ ವ್ಯತ್ಯಾಸವಿಲ್ಲ ಎಂದೂ ಬರೆದ.

ನ್ಯೂಟನ್ ತನ್ನ ಕೊರತೆಯನ್ನು ಹೇಗೆ ತುಂಬಿಸಿದ ಎಂಬುದು ನಮ್ಮಂಥ ಸಾಫ್ಟ್‌ವೇರ್ ಮಂದಿ ಓದಿ ನಗಬೇಕಾದ ಭಾಗ. ಗಾಳಿಯ ಕಣಗಳು ಗಟ್ಟಿಯಾಗಿವೆ, ಅವುಗಳ ಒಳಗೆ ಸದ್ದು ಹೊತ್ತೇ ತೆಗೆದುಕೊಳ್ಳದೆ ದಾಟುತ್ತದೆ ಎಂದು ಒಂದಿಷ್ಟು ಅಡಿ ಸೇರಿಸಿದ. ಗಾಳಿಯಲ್ಲಿರುವ ನೀರಾವಿ ಸದ್ದಿನ ಅಲೆಯಲ್ಲಿ ಪಾಲುಗೊಳ್ಳುವುದಿಲ್ಲ ಎಂದು ಇನ್ನೊಂದಿಷ್ಟು ಸೇರಿಸಿದ. ಕೂಡಿಸಿದರೆ ಸರಿಯಾಗಿ 1142! ಟೆಸ್ಟ್ ಪಾಸಾಗುವ ಹಾಗೆ ಕೋಡ್ ಬರೆಯುವುದು ಇದೇ. ನ್ಯೂಟನ್ನೇ ಮಾಡಿದ್ದಾನೆ ಎಂದ ಮೇಲೆ ನಮ್ಮ ಹುಡುಗರನ್ನು ಬೈಯುವುದು ಹೇಗೆ?

1740ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಬಿಯಾಂಕೋನಿ ಎಂಬಾತ ಒಂದೇ ದೂರಕ್ಕೆ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಫಿರಂಗಿ ಸದ್ದನ್ನು ಅಳೆದ. ಚಳಿಯಲ್ಲಿ ಸದ್ದು ಹೆಚ್ಚು ಹೊತ್ತು ತೆಗೆದುಕೊಂಡಿತು. ಡರ್ಹಮ್ ಇಲ್ಲವೆಂದಿದ್ದ ಉಷ್ಣತೆಯ ಪ್ರಭಾವ ಇದೆ ಎಂದಾಯಿತು. ಅದೇ ಸುಮಾರಿಗೆ ಭೂಮಿಯ ಆಕಾರ ಅಳೆಯಲು ದಕ್ಷಿಣ ಅಮೆರಿಕಕ್ಕೆ ಹೋಗಿದ್ದ ಫ್ರೆಂಚ್ ತಂಡದ ಲ ಕೊಂದಾಮೀನ್, ಸಮುದ್ರಮಟ್ಟದಿಂದ 2850 ಮೀಟರ್ ಎತ್ತರದ ಕ್ವಿಟೋದಲ್ಲಿ ಸದ್ದಿನ ವೇಗ ಅಳೆದ. ನಾಲ್ಕು ವರ್ಷದ ಮೇಲೆ, 1744ರಲ್ಲಿ, ಸೆಕೆಯ ಕರಾವಳಿಯಾದ ಕಾಯೆನ್‌ನಲ್ಲಿ ಮತ್ತೆ ಅಳೆದ. ಇಂದಿನ ಮಾನದಲ್ಲಿ ಹೇಳುವುದಾದರೆ ಕ್ವಿಟೋದಲ್ಲಿ ಸೆಕೆಂಡಿಗೆ ಸುಮಾರು 339 ಮೀಟರ್, ಕಾಯೆನ್‌ನಲ್ಲಿ ಸುಮಾರು 357.

ನನ್ನ ಮಗಳ ಪ್ರಶ್ನೆ ಈ ಎರಡು ಅಂಕಿಗಳಲ್ಲೇ ಇದೆ. ಕ್ವಿಟೋದಲ್ಲಿ ಸದ್ದು ನಿಧಾನವಾದದ್ದು ಅದು ಎತ್ತರದಲ್ಲಿದ್ದುದಕ್ಕೋ, ತಣ್ಣಗಿದ್ದುದಕ್ಕೋ? ಎತ್ತರವೂ ಚಳಿಯೂ ಜೊತೆಯಲ್ಲೇ ಬರುತ್ತವೆ. ಊಟಿಗೆ ಹೋಗುವಾಗ ಸ್ವೆಟರ್ ತೆಗೆದುಕೊಂಡು ಹೋಗುವ ಯಾರಿಗೂ ಇದು ಗೊತ್ತು. ಜೊತೆಯಲ್ಲಿ ಬಂದ ಇಬ್ಬರಲ್ಲಿ ಕೆಲಸ ಮಾಡಿದವರು ಯಾರು ಎಂದು ಹೇಳುವುದು ಹೇಗೆ?

ನ್ಯೂಟನ್ನನ ಗಂಟು ಬಿಡಿಸಿದವನು ಫ್ರಾನ್ಸಿನ ಲಾಪ್ಲಾಸ್. ಅವನ ಸೂಚನೆಯ ಮೇಲೆ ಬಿಯೋ ಎಂಬ ಯುವಕ 1802ರಲ್ಲಿ ಬರೆದ, ಸ್ವತಃ ಲಾಪ್ಲಾಸ್ 1816ರಲ್ಲಿ ಸೂತ್ರ ಕೊಟ್ಟ. ಸೈಕಲ್ ಪಂಪು ಒತ್ತುವಾಗ ಅದರ ತುದಿ ಬಿಸಿಯಾಗುವುದನ್ನು ಕೈಯಲ್ಲಿ ಮುಟ್ಟಿ ನೋಡಿರುತ್ತೀರಿ. ಗಾಳಿಯನ್ನು ಥಟ್ಟನೆ ಒತ್ತಿದರೆ ಬಿಸಿಯಾಗುತ್ತದೆ, ಬಿಟ್ಟರೆ ತಣ್ಣಗಾಗುತ್ತದೆ. ಸದ್ದಿನ ಅಲೆ ಗಾಳಿಯನ್ನು ಸೆಕೆಂಡಿಗೆ ನೂರಾರು ಸಲ ಒತ್ತಿ ಬಿಡುತ್ತದೆ, ಆ ಬಿಸಿ ಹರಡಿಹೋಗಲು ಪುರುಸೊತ್ತೇ ಇಲ್ಲ. ಬಿಸಿಯಾದ ಗಾಳಿ ಇನ್ನಷ್ಟು ಬಿಗಿಯಾಗುತ್ತದೆ, ಅಲೆ ಇನ್ನಷ್ಟು ಬೇಗ ಓಡುತ್ತದೆ. ನ್ಯೂಟನ್ ಮರೆತದ್ದು ಇದನ್ನು. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ನ್ಯೂಟನ್ನನ ಸೂತ್ರ 280 ಮೀಟರ್ ಕೊಡುತ್ತದೆ. ಲಾಪ್ಲಾಸನ ತಿದ್ದುಪಡಿ ಸೇರಿಸಿದರೆ 331. ಗಟ್ಟಿ ಕಣವೂ ಬೇಡ, ನೀರಾವಿಯ ಜಾದೂವೂ ಬೇಡ.

ಲಾಪ್ಲಾಸನ ಸೂತ್ರ ಬಂದು ನಾಲ್ಕು ವರ್ಷಕ್ಕೆ, 1820ರಲ್ಲಿ, ಪಟಾಕಿಯ ರಾತ್ರಿ ನಾನು ನೋಡುತ್ತಿದ್ದ ಇದೇ ಬೆಟ್ಟದ ಕಡೆಗೆ ಕಣ್ಣಿಟ್ಟು ಒಬ್ಬಾತ ಅಳತೆ ಶುರು ಮಾಡಿದ. ಹೆಸರು ಜಾನ್ ಗೋಲ್ಡಿಂಗ್‌ಹ್ಯಾಮ್.

ನುಂಗಂಬಾಕಂನಲ್ಲಿ ಈಗ ಪ್ರಾದೇಶಿಕ ಹವಾಮಾನ ಕೇಂದ್ರ ಇದೆಯಲ್ಲ, ಟೀವಿಯಲ್ಲಿ ಚಂಡಮಾರುತದ ಮುನ್ಸೂಚನೆ ಕೊಡುವವರು, ಅದೇ ಆವರಣದಲ್ಲಿ 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ವೀಕ್ಷಣಾಲಯ ಕಟ್ಟಲಾಯಿತು. ಕಟ್ಟಿಸಿದವನು ಮೈಕೆಲ್ ಟಾಪಿಂಗ್. ಆತ 1796ರಲ್ಲಿ ತೀರಿಕೊಂಡ ಮೇಲೆ ಜವಾಬ್ದಾರಿ ಗೋಲ್ಡಿಂಗ್‌ಹ್ಯಾಮ್‌ನ ಹೆಗಲಿಗೆ ಬಂತು. ದೂರದರ್ಶಕ ನಿಲ್ಲಿಸಲು ನೆಟ್ಟಿದ್ದ ಗ್ರಾನೈಟ್ ಕಂಬ ಇವತ್ತಿಗೂ ಅಲ್ಲಿದೆ. ಮೈಮೇಲೆ ಲ್ಯಾಟಿನ್, ತಮಿಳು, ತೆಲುಗು, ಹಿಂದೂಸ್ತಾನಿಯ ಬರಹ. ಕನ್ನಡ ಇಲ್ಲ. ನಮ್ಮ ಸೀಮೆ ಆಗಿನ್ನೂ ಕಂಪನಿಯ ಕೈಗೆ ಸಿಕ್ಕಿರಲಿಲ್ಲ, ಹಾಗಾಗಿ ಇಲ್ಲದಿರುವುದೇ ಒಂದು ಬಗೆಯ ಗೌರವ ಎಂದುಕೊಳ್ಳಬೇಕು.

ಆದರೆ ಗೋಲ್ಡಿಂಗ್‌ಹ್ಯಾಮ್‌ಗೂ ನಮ್ಮ ನೆಲಕ್ಕೂ ಒಂದು ಕಹಿ ನಂಟಿದೆ. ಅಣ್ಣಾ ಸಾಲೈ ಪಕ್ಕದ ಓಮಂದೂರಾರ್ ಎಸ್ಟೇಟಿನಲ್ಲಿ ರಾಜಾಜಿ ಹಾಲ್ ನೋಡಿರುತ್ತೀರಿ. ಬಿಳಿ ಕಂಬಗಳ, ಅಗಲ ಮೆಟ್ಟಿಲಿನ ಕಟ್ಟಡ. ಅದರ ಶಿಲ್ಪಿ ಇದೇ ಗೋಲ್ಡಿಂಗ್‌ಹ್ಯಾಮ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ವಿಜಯದ ನೆನಪೂ ಆ ಭೋಜನಶಾಲೆಯ ಹಿಂದೆ ಇತ್ತು. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಆಮೇಲೆ ಸರಪಳಿ ಹಿಡಿದು 1800ರಲ್ಲಿ ಬೆಂಗಳೂರಿನ ಬಳಿ, 1802ರಲ್ಲಿ ಪರಂಗಿಮಲೆಯ ಬಳಿ ಆಧಾರರೇಖೆ ಅಳೆದ. ಗೆದ್ದ ನೆಲವನ್ನು ಅಳೆಯುವ ಕಾಲ ಅದು. ನೆಲ, ನಕ್ಷತ್ರ, ಗಾಳಿ ಎಲ್ಲಕ್ಕೂ ಅಳತೆ. ಸದ್ದಿಗೂ.

ಗೋಲ್ಡಿಂಗ್‌ಹ್ಯಾಮ್‌ಗೆ ಒಂದು ಅನುಕೂಲವಿತ್ತು. ಸೇಂಟ್ ಜಾರ್ಜ್ ಕೋಟೆಯಲ್ಲೂ ಪರಂಗಿಮಲೆಯ ದಂಡಿನಲ್ಲೂ ಬೆಳಗ್ಗೆ ಸಂಜೆ ತೋಪು ಹಾರಿಸುವ ರೂಢಿ. ನುಂಗಂಬಾಕಂನಿಂದ ಕೋಟೆಗೆ 13,932 ಅಡಿ, ಮಲೆಗೆ 29,547 ಅಡಿ. ತೋಪಿನ ಬೆಳಕು ಮಿಂಚಿದ ತಕ್ಷಣ ಎಣಿಕೆ ಶುರು, ಸದ್ದು ಕಿವಿಗೆ ಬಿದ್ದಾಗ ನಿಲ್ಲಿಸುವುದು. ಕೋಟೆಯ ಸದ್ದಿಗೆ ಹನ್ನೆರಡು ಸೆಕೆಂಡಿನ ಮೇಲೆ ಚೂರು, ಮಲೆಯ ಸದ್ದಿಗೆ ಇಪ್ಪತ್ತಾರರ ಆಸುಪಾಸು. ನನ್ನ ಮಗಳು ಮಾಡಿದ್ದೂ ಇದನ್ನೇ, ಅವಳ ಕೈಯಲ್ಲಿ ಫೋನಿತ್ತು ಅಷ್ಟೆ.

ಆದರೆ ಆತ ಒಂದು ರಾತ್ರಿಗೆ ನಿಲ್ಲಿಸಲಿಲ್ಲ. 1820 ಮತ್ತು 1821ರಲ್ಲಿ ತಿಂಗಳುಗಟ್ಟಲೆ, ಪ್ರತಿ ಅಳತೆಯ ಜೊತೆಗೂ ಥರ್ಮಾಮೀಟರ್, ಗಾಳಿಯ ಒತ್ತಡ ತೋರಿಸುವ ಬ್ಯಾರೋಮೀಟರ್, ಗಾಳಿಯ ತೇವ ತೋರಿಸುವ ಹೈಗ್ರೋಮೀಟರ್ ಎಲ್ಲವನ್ನೂ ಬರೆದಿಟ್ಟ. ಗಾಳಿ ಎತ್ತಣದು, ಆಕಾಶ ಹೇಗಿದೆ ಎಂಬುದನ್ನೂ ಬರೆದ. 1823ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್'ನಲ್ಲಿ ಅದು ಅಚ್ಚಾಯಿತು. ಬರೀ ತೀರ್ಮಾನವಲ್ಲ, ಪುಟಪುಟವೂ ಕೋಷ್ಟಕ, ದಿನದಿನದ ಅಂಕಿ.

ತಿಂಗಳ ಸರಾಸರಿ ನೋಡಿದರೆ ಡಿಸೆಂಬರಿನಲ್ಲಿ ಸೆಕೆಂಡಿಗೆ 1099 ಅಡಿ. ಬೇಸಿಗೆ ಏರಿದಂತೆ ಅದೂ ಏರಿ ಜುಲೈಗೆ 1164 ಅಡಿ. ಅಲ್ಲಿಂದ ಮತ್ತೆ ಇಳಿತ. ಇಡೀ ವರ್ಷದ ಸರಾಸರಿ 1134 ಅಡಿ, ಎಂದರೆ 346 ಮೀಟರ್. ಇಂದಿನ ಲೆಕ್ಕಕ್ಕೆ ಶೇಕಡಾ ಒಂದರ ಸುಮಾರಿಗೆ ಬರುತ್ತದೆ. ತೋಪು, ಕಿವಿ, ಗಡಿಯಾರ ಇಷ್ಟರಲ್ಲೇ ಇಷ್ಟು ಹತ್ತಿರ ಬಂದದ್ದು ಸಣ್ಣ ಮಾತಲ್ಲ.

ಈಗ ಎಡವಿದ ಜಾಗ. ಅಂಕಿಗಳಿಂದ ಆತ ಮೂರು ನಿಯಮ ತೆಗೆದ. ಥರ್ಮಾಮೀಟರಿನ ಒಂದು ಡಿಗ್ರಿ ಫ್ಯಾರನ್‌ಹೀಟ್‌ಗೆ ವೇಗದಲ್ಲಿ 1.2 ಅಡಿ ವ್ಯತ್ಯಾಸ. ಹೈಗ್ರೋಮೀಟರಿನ ಒಂದು ಡಿಗ್ರಿಗೆ 1.4 ಅಡಿ. ಬ್ಯಾರೋಮೀಟರಿನ ಪಾದರಸ ಅಂಗುಲದ ಹತ್ತನೇ ಒಂದು ಪಾಲು ಏರಿಳಿದರೆ 9.2 ಅಡಿ.

ಮೊದಲನೆಯದು ಸರಿ. ಇಂದು ನಮಗೆ ಗೊತ್ತಿರುವ ಲೆಕ್ಕದಲ್ಲಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ 0.6 ಮೀಟರ್, ಅದನ್ನು ಫ್ಯಾರನ್‌ಹೀಟ್ ಮತ್ತು ಅಡಿಗೆ ಬದಲಿಸಿದರೆ 1.1. ಆತನದು 1.2. ಆದರೆ ಮದ್ರಾಸಿನ ಡಿಸೆಂಬರಿಗೂ ಜುಲೈಗೂ ಆತನ ಥರ್ಮಾಮೀಟರಿನಲ್ಲಿ ಏಳೆಂಟು ಡಿಗ್ರಿ ಫ್ಯಾರನ್‌ಹೀಟ್ ಮಾತ್ರ ಅಂತರ. ಅದರಿಂದ ಬರುವುದು ಒಂಬತ್ತು ಅಡಿಯ ಬದಲಾವಣೆ. ಕಂಡದ್ದೋ 65 ಅಡಿ. ಉಳಿದ ಐವತ್ತು ಚಿಲ್ಲರೆ ಅಡಿಯನ್ನು ಯಾರ ಖಾತೆಗೆ ಹಾಕುವುದು? ಆತ ಒತ್ತಡಕ್ಕೂ ತೇವಕ್ಕೂ ಹಂಚಿದ.

ಯಾಕೆ ಹಾಗೆ ಕಂಡಿತು ಎಂದು ಊಹಿಸುವುದು ಕಷ್ಟವಲ್ಲ. ಮದ್ರಾಸಿನಲ್ಲಿ ಸೆಕೆ ಏರಿದಂತೆ ಬ್ಯಾರೋಮೀಟರ್ ಇಳಿಯುತ್ತದೆ. ಹಿಂಗಾರು ಮಳೆ ಮುಗಿಯುವ ಹೊತ್ತಿಗೆ ತಂಪು, ತೇವ, ಏರಿದ ಒತ್ತಡ ಮೂರೂ ಒಟ್ಟಿಗೆ. ಬೀಸುವ ಗಾಳಿಯೂ ಋತುವಿಗೆ ತಕ್ಕಂತೆ ತಿರುಗುತ್ತದೆ, ಜುಲೈಯಲ್ಲಿ ನೆಲದ ಕಡೆಯಿಂದ, ಡಿಸೆಂಬರಿನಲ್ಲಿ ಕಡಲ ಕಡೆಯಿಂದ. ಗಾಳಿ ಸದ್ದಿನ ಜೊತೆಗೆ ಬೀಸುವುದಕ್ಕೂ ಎದುರಿಗೆ ಬೀಸುವುದಕ್ಕೂ ಸೆಕೆಂಡಿಗೆ 21 ಅಡಿಗಿಂತ ಹೆಚ್ಚು ಅಂತರ ಬರುತ್ತದೆ ಎಂದು ಗೋಲ್ಡಿಂಗ್‌ಹ್ಯಾಮ್‌ನೇ ಅಳೆದಿದ್ದ. ಇನ್ನು ಮನುಷ್ಯನ ಕಿವಿ, ಕೈ. ಕೋಟೆಯ ಹನ್ನೆರಡು ಸೆಕೆಂಡಿನಲ್ಲಿ ಅರ್ಧ ಸೆಕೆಂಡು ಹೆಚ್ಚುಕಮ್ಮಿಯಾದರೆ ವೇಗದಲ್ಲಿ ನಲವತ್ತು ಅಡಿಯ ಮೇಲೆ ತಪ್ಪುತ್ತದೆ. ಇಷ್ಟೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಊರಿನಲ್ಲಿ ಬ್ಯಾರೋಮೀಟರ್ ನೋಡುತ್ತ ಕೂತವನಿಗೆ ಅದೇ ಕಾರಣ ಎಂದು ಅನಿಸದೆ ಇರುತ್ತದೆಯೇ?

ಇದನ್ನು ಓದುವಾಗ ನನಗೆ ಮೈ ಬೆವರಿತು. ಕಾರಣ ಬೇರೆ.

ಆರು ವರ್ಷದ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ರಾಜೆಕ್ಟಿನಲ್ಲಿ ಸಿಸ್ಟಂ ಆಗಾಗ ನಿಧಾನವಾಗುತ್ತಿತ್ತು. ಕ್ಲೈಂಟ್ ಕಡೆಯಿಂದ ಒತ್ತಡ. ನಾನು ಮೂರು ತಿಂಗಳ ಅಂಕಿ ಹಾಕಿ ಚಾರ್ಟ್ ಮಾಡಿದೆ. ಯಾವ ರಾತ್ರಿ ಧಾರವಾಡದ ಒಬ್ಬ ಹುಡುಗನ ತಂಡ ಪಾಳಿಯಲ್ಲಿರುತ್ತದೋ ಆ ರಾತ್ರಿಗಳಲ್ಲೇ ನಿಧಾನ. ಗೆರೆ ಎಷ್ಟು ಚೆಂದವಾಗಿ ಕೂತಿತ್ತೆಂದರೆ ರಿವ್ಯೂ ಮೀಟಿಂಗಿನಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ಆ ಹುಡುಗನ ಅಪ್ರೈಸಲ್‌ನಲ್ಲಿ ಅದು ಸೇರಿತು. ನಾಲ್ಕು ತಿಂಗಳಲ್ಲಿ ಅವನು ಕೆಲಸ ಬಿಟ್ಟ. ಅವನು ಹೋದ ಮೇಲೂ ತಿಂಗಳ ಕೊನೆಯಲ್ಲಿ ಸಿಸ್ಟಂ ನಿಧಾನವಾಯಿತು. ಆಗ ಹೊಳೆಯಿತು. ರೋಸ್ಟರ್ ಹಾಕಿದವನು ನಾನೇ, ತಿಂಗಳ ಕೊನೆಯ ರಾತ್ರಿಗಳಿಗೆ ಯಾವಾಗಲೂ ಅವನ ತಂಡವನ್ನೇ ಹಾಕುತ್ತಿದ್ದೆ, ಯಾಕೆಂದರೆ ಅವರು ಚುರುಕು. ನಿಧಾನಕ್ಕೆ ಕಾರಣ ತಿಂಗಳ ಕೊನೆಯ ಲೋಡು. ಅವನು ಆ ಹೊತ್ತಿಗೆ ಅಲ್ಲಿದ್ದ, ಅಷ್ಟೆ. ಅವನು ನನ್ನ ಬ್ಯಾರೋಮೀಟರ್.

ಗೋಲ್ಡಿಂಗ್‌ಹ್ಯಾಮ್‌ನ ಮೂರನೇ ನಿಯಮ ಕಾರಣವಲ್ಲ, ಜೊತೆಗಾರ ಮಾತ್ರ ಎಂದು ತೋರಿಸುವುದು ಸುಲಭ. ಅದನ್ನು ಮದ್ರಾಸಿನಿಂದ ಹೊರಗೆ ತೆಗೆದುಕೊಂಡು ಹೋಗಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಅಲ್ಲಿ ಪಾದರಸ ಚೆನ್ನೈಗಿಂತ ಮೂರು ಅಂಗುಲ ಕೆಳಗೆ ನಿಲ್ಲುತ್ತದೆ. ಆತನ ಕೋಷ್ಟಕದಲ್ಲಿ ಒತ್ತಡ ಇಳಿದಂತೆ ವೇಗ ಏರುತ್ತದೆ. ಹತ್ತನೇ ಪಾಲಿಗೆ 9.2 ಅಡಿಯಾದರೆ ಮೂರು ಅಂಗುಲಕ್ಕೆ 276 ಅಡಿ. ಅಂದರೆ ಅಜ್ಜಿಮನೆಯ ತಾರಸಿಯಲ್ಲಿ ಸದ್ದು ಸೆಕೆಂಡಿಗೆ 84 ಮೀಟರ್ ಬೇಗ ಓಡಬೇಕು! ಕ್ವಿಟೋಗೆ ಹಾಕಿ ನೋಡಿದರೆ ಎಂಟುನೂರು ಅಡಿ ಬೇಗ. ಲ ಕೊಂದಾಮೀನ್ ಎಂಬತ್ತು ವರ್ಷ ಮೊದಲೇ ಅಲ್ಲಿ ಅಳೆದು, ಕರಾವಳಿಗಿಂತ ನಿಧಾನ ಎಂದು ಬರೆದಿಟ್ಟಾಗಿತ್ತು. ಗೋಲ್ಡಿಂಗ್‌ಹ್ಯಾಮ್ ತನ್ನ ನಿಯಮವನ್ನು ಬೆಟ್ಟಕ್ಕೆ ಹತ್ತಿಸಲಿಲ್ಲ, ಅದನ್ನು ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ನಿಜವಾದ ಕಾರಣವಾಗಿದ್ದರೆ ಅದು ಬೆಟ್ಟದಲ್ಲೂ ಕಾರಣವಾಗಿರಬೇಕಿತ್ತು.

ಹಾಗಿದ್ದರೆ ಒತ್ತಡಕ್ಕೆ ಪಾತ್ರವೇ ಇಲ್ಲವೇ? ನ್ಯೂಟನ್ನನ ಸೂತ್ರದಲ್ಲೇ ಒತ್ತಡ ಇದೆಯಲ್ಲ? ಇದೆ, ಆದರೆ ಅದರ ಕೆಳಗೆ ಸಾಂದ್ರತೆಯೂ ಇದೆ. ಒಂದೇ ಉಷ್ಣತೆಯಲ್ಲಿ ಗಾಳಿಯ ಒತ್ತಡ ಅರ್ಧಕ್ಕೆ ಇಳಿದರೆ ಸಾಂದ್ರತೆಯೂ ಅರ್ಧಕ್ಕೆ ಇಳಿಯುತ್ತದೆ. ಬಿಗಿತ ಅರ್ಧವಾಯಿತು, ಭಾರವೂ ಅರ್ಧವಾಯಿತು. ಮೇಲೆ ಕೆಳಗೆ ಒಂದೇ ಪಾಲು ಹೊಡೆದುಹೋಗುತ್ತದೆ. ಉಳಿಯುವುದು ಉಷ್ಣತೆ ಒಂದೇ. ನಾನು ಮಗಳಿಗೆ "ಗಾಳಿ ತೆಳು, ಅದಕ್ಕೆ ನಿಧಾನ" ಎಂದಾಗ ಭಾಗಾಕಾರದ ಒಂದು ಅರ್ಧವನ್ನು ಮಾತ್ರ ನೋಡಿದ್ದೆ. ಬೆಂಗಳೂರು 24 ಡಿಗ್ರಿ, ಚೆನ್ನೈ 31 ಡಿಗ್ರಿ ಇರುವ ದಿನ ಅಲ್ಲಿ ಸದ್ದು ಸೆಕೆಂಡಿಗೆ ನಾಲ್ಕು ಮೀಟರ್ ನಿಧಾನ. ಎರಡೂ ಊರು 28 ಡಿಗ್ರಿ ಇರುವ ದಿನ ಹೆಚ್ಚುಕಡಿಮೆ ಒಂದೇ. ತೇವದಿಂದ ಬರುವ ಬದಲಾವಣೆ ಬಲು ಸಣ್ಣದು, ಒದ್ದೆ ಗಾಳಿ ಒಣ ಗಾಳಿಗಿಂತ ಹಗುರವಾದ್ದರಿಂದ ಸದ್ದು ಚೂರೇ ಚೂರು ಬೇಗ.

ಜೊತೆಯಲ್ಲಿ ಬರುವ ಕಾರಣಗಳನ್ನು ಬೇರ್ಪಡಿಸುವ ಕೆಲಸವನ್ನು ಆಮೇಲಿನವರು ಒಂದೊಂದಾಗಿ ಮಾಡಿದರು. ಮೊದಲು ಗಾಳಿಯ ಕಾಟ. 1822ರ ಜೂನ್‌ನಲ್ಲಿ, ಗೋಲ್ಡಿಂಗ್‌ಹ್ಯಾಮ್‌ನ ವರದಿ ಅಚ್ಚಾಗುವ ಹಿಂದಿನ ವರ್ಷ, ಪ್ಯಾರಿಸ್ಸಿನ ದಕ್ಷಿಣಕ್ಕಿರುವ ವಿಲ್‌ಜ್ವೀಫ್ ಮತ್ತು ಮೋಂಲೇರಿ ಎಂಬ ಎರಡು ಊರುಗಳಲ್ಲಿ ರಾತ್ರಿ ತೋಪು ನಿಲ್ಲಿಸಿದರು. ಅರಾಗೋ, ಗೇ-ಲುಸಾಕ್, ಹಂಬೋಲ್ಟ್‌ರಂಥ ಘಟಾನುಘಟಿಗಳ ತಂಡ. ನಡುವಿನ ದೂರ 18.6 ಕಿಲೋಮೀಟರ್. ಅವರ ಜಾಣತನ ಇದ್ದದ್ದು ಎರಡೂ ತುದಿಯಿಂದ ಹಾರಿಸುವುದರಲ್ಲಿ. ಅತ್ತಿಂದ ಇತ್ತ ಬರುವ ಸದ್ದಿಗೆ ಗಾಳಿ ಸಹಾಯ ಮಾಡಿದರೆ ಇತ್ತಿಂದ ಅತ್ತ ಹೋಗುವುದಕ್ಕೆ ಅಷ್ಟೇ ಅಡ್ಡಿ ಮಾಡುತ್ತದೆ, ಸರಾಸರಿ ತೆಗೆದರೆ ಗಾಳಿ ಕಳೆದುಹೋಗುತ್ತದೆ. 16 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅವರಿಗೆ ಸಿಕ್ಕಿದ್ದು 340.9 ಮೀಟರ್. ಇಂದಿನ ಲೆಕ್ಕಕ್ಕೂ ಅದಕ್ಕೂ ಕೂದಲೆಳೆಯ ಅಂತರ. ಮದ್ರಾಸಿನಲ್ಲಿ ಸದ್ದು ಒಂದೇ ದಿಕ್ಕಿಗೆ, ತೋಪಿನಿಂದ ವೀಕ್ಷಣಾಲಯಕ್ಕೆ ಮಾತ್ರ ಹೋಗುತ್ತಿತ್ತು.

ಆಮೇಲೆ ಎತ್ತರ. 1844ರಲ್ಲಿ ಬ್ರಾವೇ ಮತ್ತು ಮಾರ್ತಾಂ ಎಂಬಿಬ್ಬರು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಶಿಖರದ ಮೇಲೊಂದು, ಕೆಳಗೆ ಬ್ರಿಯೆಂಟ್ಸ್ ಕೆರೆಯ ದಂಡೆಯಲ್ಲೊಂದು ತೋಪು ಇಟ್ಟರು. ಎರಡಕ್ಕೂ ನಡುವೆ ಎರಡು ಸಾವಿರ ಮೀಟರ್ ಎತ್ತರದ ವ್ಯತ್ಯಾಸ. ಸದ್ದು ಇಳಿಜಾರಿನಲ್ಲಿ ಮೇಲಕ್ಕೂ ಹೋಯಿತು, ಕೆಳಕ್ಕೂ ಬಂತು. ದಾರಿಯುದ್ದಕ್ಕೂ ಗಾಳಿಯ ಉಷ್ಣತೆಯನ್ನು ಲೆಕ್ಕಕ್ಕೆ ಹಿಡಿದು ಸೊನ್ನೆ ಡಿಗ್ರಿಗೆ ಇಳಿಸಿದಾಗ 332 ಮೀಟರಿನ ಸುಮಾರಿಗೆ ಬಂತು, ಬಯಲಿನಲ್ಲಿ ಬರುವಷ್ಟೇ. ಉಷ್ಣತೆಯ ಪಾಲು ತೆಗೆದ ಮೇಲೆ ಎತ್ತರದ ಪಾಲು ಎಂದು ಏನೂ ಉಳಿಯಲಿಲ್ಲ.

ಇದಕ್ಕಿಂತ ಗಟ್ಟಿ ಸಾಕ್ಷಿ ವಿಮಾನಗಳ ಕಾಲದಲ್ಲಿ ಸಿಕ್ಕಿತು. ದೆಹಲಿಗೆ ಹೋಗುವಾಗ ಸೀಟಿನ ಮುಂದಿನ ಪರದೆಯಲ್ಲಿ "ಹೊರಗಿನ ಉಷ್ಣತೆ ಮೈನಸ್ 50" ಎಂದು ನೋಡಿರುತ್ತೀರಿ. ಎಂಜಿನಿಯರುಗಳು ಬಳಸುವ ಮಾದರಿ ವಾತಾವರಣದಲ್ಲಿ ಸಮುದ್ರಮಟ್ಟ 15 ಡಿಗ್ರಿ, ಸದ್ದಿನ ವೇಗ 340 ಮೀಟರ್. 11 ಕಿಲೋಮೀಟರ್ ಮೇಲೆ ಮೈನಸ್ 56.5 ಡಿಗ್ರಿ, ವೇಗ 295. ಅಲ್ಲಿಂದ 20 ಕಿಲೋಮೀಟರ್‌ವರೆಗೆ ಒತ್ತಡ ಇನ್ನೂ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಆದರೆ ಉಷ್ಣತೆ ಅಲ್ಲಾಡುವುದಿಲ್ಲ. ವೇಗವೂ ಅಲ್ಲಾಡುವುದಿಲ್ಲ, ಅದೇ 295. ಇನ್ನೂ ಮೇಲೆ, 50 ಕಿಲೋಮೀಟರ್ ಹತ್ತಿರ, ಓಝೋನ್ ಬಿಸಿಲು ಹೀರಿ ಗಾಳಿಯನ್ನು ಕಾಯಿಸುತ್ತದೆ. ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಏರುತ್ತದೆ. ಹೆಸರಿಗೆ ಮಾತ್ರ ಗಾಳಿ ಇರುವ ಆ ಎತ್ತರದಲ್ಲಿ ಸದ್ದಿನ ವೇಗ ಮತ್ತೆ 330. ಎತ್ತರವೇ ಕಾರಣವಾಗಿದ್ದರೆ ಹೀಗೆ ಇಳಿದು, ನಿಂತು, ಏರುವುದು ಹೇಗೆ ಸಾಧ್ಯ?

ಗೋಲ್ಡಿಂಗ್‌ಹ್ಯಾಮ್ ತಪ್ಪಿದ ಎಂದು ಹೇಳುವಾಗ ನಾನು ಹೇಳುತ್ತಿರುವುದು ಅವನದೇ ಅಂಕಿ ಹಿಡಿದುಕೊಂಡು ಎಂಬುದನ್ನು ಮರೆಯುವಂತಿಲ್ಲ. ಡಿಸೆಂಬರಿನ 1099ನ್ನು ಆತ 1120 ಮಾಡಲಿಲ್ಲ. ನ್ಯೂಟನ್ನನಂತೆ ಬೇಕಾದ ಉತ್ತರಕ್ಕೆ ಹೊಂದಿಸಲಿಲ್ಲ. ಗಾಳಿಯ ದಿಕ್ಕು, ಮೋಡ, ಪಾದರಸ ಎಲ್ಲವನ್ನೂ ಅಚ್ಚು ಹಾಕಿಸಿದ. ಅದಕ್ಕೇ ಇನ್ನೂರು ವರ್ಷದ ಮೇಲೆ ತಾರಸಿಯಿಂದ ಇಳಿದುಬಂದ ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್ ಲ್ಯಾಪ್‌ಟಾಪ್ ತೆರೆದು ಅವನ ತಪ್ಪು ಎಲ್ಲಿದೆ ಎಂದು ಹುಡುಕಬಹುದು.

ಆ ವಾರ ಧೈರ್ಯ ಮಾಡಿ ಧಾರವಾಡದ ಹುಡುಗನಿಗೆ ಫೋನು ಮಾಡಿದೆ. ಈಗ ಪುಣೆಯಲ್ಲಿದ್ದಾನೆ, ನನಗಿಂತ ಒಳ್ಳೆಯ ಕೆಲಸದಲ್ಲಿ. ನಡೆದದ್ದು ಹೇಳಿ, ತಪ್ಪು ನನ್ನದು ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಇರ್ಲಿ ಬಿಡ್ರಿ ಸರ್, ಹಳೇದಾತು," ಎಂದ. ಆಮೇಲೆ ಕೇಳಿದ: "ಆ ಚಾರ್ಟಿಂದು ಒರಿಜಿನಲ್ ಡೇಟಾ ಐತೇನ್ರಿ ನಿಮ್ಮ ಹಂತೇಕ? ಒಮ್ಮೆ ನೋಡಬೇಕಿತ್ತು ನಾನು."

ಇರಲಿಲ್ಲ. ಚಾರ್ಟ್ ಉಳಿದಿತ್ತು, ಸ್ಲೈಡ್ ಉಳಿದಿತ್ತು, ಅಪ್ರೈಸಲ್‌ನ ಎರಡು ಸಾಲು ಉಳಿದಿತ್ತು. ಅಂಕಿಗಳ ಹಾಳೆಯನ್ನು ಪ್ರಾಜೆಕ್ಟ್ ಮುಗಿದಾಗ ಅಳಿಸಿದ್ದೆವು. ಅದನ್ನೂ ಹೇಳಿದೆ. "ಹೌದ್ರಿ?" ಎಂದಷ್ಟೇ ಅಂದ.

ಮಗಳಿಗೂ ನನ್ನ ಉತ್ತರ ತಿದ್ದಿ ಹೇಳಿದೆ. ಎಂ.ಟೆಕ್ ಅಪ್ಪ ತಪ್ಪಿದ್ದು ಅವಳಿಗೆ ಖುಷಿಯೇ ಆಯಿತು. ಅವಳ ರಫ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈಗ ಒಂದು ಕೋಷ್ಟಕವಿದೆ. ತಾರೀಖು, ಸೆಕೆಂಡು, ಥರ್ಮಾಮೀಟರ್. ಸುತ್ತಮುತ್ತ ಎಲ್ಲಿ ದೇವಸ್ಥಾನದ ಉತ್ಸವ, ಮದುವೆ, ಚುನಾವಣೆಯ ಗೆಲುವು ಎಂದು ಪಟಾಕಿ ಹಾರಿದರೂ ತಾರಸಿಗೆ ಓಡುತ್ತಾಳೆ. ಮೊನ್ನೆ ನೋಡಿದರೆ ನಾಲ್ಕನೆಯದೊಂದು ಕಾಲಂ ಗೆರೆ ಹಾಕಿದ್ದಳು. ಮೇಲೆ ಬರೆದಿದ್ದಳು: ಗಾಳಿ ಎತ್ತ.

ನಾನು ಹೇಳಿಕೊಟ್ಟದ್ದಲ್ಲ.